ರಜೆಗೆ ಕಾರಣ

ಮೂರು ವರ್ಷದ ಹಿಂದಿನ ಮಾತು. ನನ್ನ ತಂಡದಲ್ಲಿ ಸಾಂಗ್ಲಿ ಕಡೆಯ ಹುಡುಗನೊಬ್ಬನಿದ್ದ. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಒಂದು ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತು, "ಸರ್, ದೋನ್ ದಿವಸ ರಜಾ ಪಾಹಿಜೆ" ಎಂದ. ಎರಡು ದಿನ ರಜೆ ಬೇಕಂತೆ. ಪುಣೆಯಲ್ಲಿ ಹದಿನಾರು ವರ್ಷ ಕಳೆದವನಿಗೆ ಅಷ್ಟು ಮರಾಠಿ ತಿಳಿಯದೆ ಇರುತ್ತದೆಯೇ? ಕಾರಣ ಕೇಳಿದೆ. ಊರಿಗೆ ಹೋಗಿ ಅಜ್ಜನ ಹತ್ತಿರ ಕೂತು ಬರಬೇಕು ಎಂದ. ಹುಷಾರಿಲ್ಲವೇನೋ ಎಂದರೆ, ಹಾಗೇನಿಲ್ಲ ಸರ್, ವಯಸ್ಸಾಗಿದೆ, ಕೂತು ಬರಬೇಕು ಅನ್ನಿಸಿದೆ ಅಷ್ಟೇ ಎಂದ. ಆ ಶುಕ್ರವಾರ ರಾತ್ರಿ ನಮ್ಮದೊಂದು ದೊಡ್ಡ ರಿಲೀಸ್ ಇತ್ತು. "ರಿಲೀಸ್ ಮುಗಿಯಲಿ, ಎರಡಲ್ಲ, ನಾಲ್ಕು ದಿನ ಹೋಗು" ಎಂದೆ. ಅವನು ಆಗಲೇ ಹಾಕಿದ್ದ ಅರ್ಜಿಯಲ್ಲಿ 'ಕಾರಣ' ಎಂಬ ಖಾನೆಯ ಮುಂದೆ 'ವೈಯಕ್ತಿಕ' ಎಂದಿತ್ತು. ಅದನ್ನು ತಿರಸ್ಕರಿಸಿದೆ. ಆ ಗುಂಡಿ ಒತ್ತಲು ಒಂದು ಕ್ಷಣವೂ ಬೇಕಾಗಲಿಲ್ಲ.

ಗುರುವಾರ ಅವನ ಅಜ್ಜ ತೀರಿಕೊಂಡರು.

ಆ ಸಂಜೆ ತಂಡದ ವಾಟ್ಸಾಪ್ ಗುಂಪಿನ ತುಂಬ ಮೂರೇ ಅಕ್ಷರ: ಆರ್, ಐ, ಪಿ. ನಾನೂ ಅದನ್ನೇ ಹಾಕಿದೆ. ಹಾಕಿದ ಮೇಲೆ ಅದನ್ನೇ ನೋಡುತ್ತಾ ಕೂತೆ. ರೆಸ್ಟ್ ಇನ್ ಪೀಸ್. ಮೊಮ್ಮಗನಿಗೆ ಎರಡು ದಿನದ ರೆಸ್ಟ್ ಕೊಡದವನು ಅಜ್ಜನಿಗೆ ಕೊನೆಯಿಲ್ಲದ ರೆಸ್ಟ್ ಹಾರೈಸುತ್ತಿದ್ದೆ.

ನಾನು ಭಾಷಾಶಾಸ್ತ್ರ ಓದಿದವನಲ್ಲ. ಎಂಟೆಕ್ ಮಾಡಿ, ಕೋಡ್ ಬರೆದು, ಈಗ ಬೇರೆಯವರು ಬರೆದ ಕೋಡಿಗೆ ದಿನಾಂಕ ಗೊತ್ತುಮಾಡುವ ಕೆಲಸದಲ್ಲಿದ್ದೇನೆ. ಆದರೆ ಆ ಮೂರು ಅಕ್ಷರ ತಲೆಯಿಂದ ಹೋಗಲಿಲ್ಲ. ಆಕ್ಸ್‌ಫರ್ಡ್ ನಿಘಂಟು, ಕಿಟೆಲ್ ನಿಘಂಟು ಎರಡನ್ನೂ ತೆರೆದಿಟ್ಟುಕೊಂಡು, ರಾತ್ರಿ ಮನೆಯವರು ಮಲಗಿದ ಮೇಲೆ, ಇಂಗ್ಲಿಷಿನವರು ವಿಶ್ರಾಂತಿಗೆ, ಮೌನಕ್ಕೆ, ನೆಮ್ಮದಿಗೆ ಇಟ್ಟ ಹೆಸರುಗಳ ಬೆನ್ನು ಹತ್ತಿದೆ. ಹುಡುಕುತ್ತಾ ಹೋದಂತೆ ನನಗೆ ಕಂಡದ್ದು ಶಾಂತಿಯ ಚರಿತ್ರೆಗಿಂತ ಹೆಚ್ಚಾಗಿ ದುಡಿಮೆಯ, ಸಾಲದ, ಅಪ್ಪಣೆಯ ಚರಿತ್ರೆ.

ಮೊದಲು ಆ ಮೂರು ಅಕ್ಷರವನ್ನೇ ನೋಡಿ. ಅದು ಮೂಲದಲ್ಲಿ ಲ್ಯಾಟಿನ್ ಪ್ರಾರ್ಥನೆಯ 'ರೆಕ್ವಿಯೆಸ್ಕಾತ್ ಇನ್ ಪಾಚೆ'. ಇಂಗ್ಲಿಷಿಗೆ ತಂದರೂ ಮೊದಲಕ್ಷರಗಳು ಅವೇ ಉಳಿದದ್ದು ಒಂದು ಆಕಸ್ಮಿಕ. ಆ ಅನುವಾದದಲ್ಲಿ 'ರೆಸ್ಟ್' ಇಂಗ್ಲಿಷಿನ ಸ್ವಂತ ಮಣ್ಣಿನ ಪದ, 'ಪೀಸ್' ಹೊರಗಿನಿಂದ ಬಂದ ಪದ. ಇಡೀ ಚರಿತ್ರೆ ಈ ಎರಡು ಪದಗಳ ನಡುವೆಯೇ ಇದೆ.

'ರೆಸ್ಟ್' ಹಳೆಯ ಇಂಗ್ಲಿಷಿನಲ್ಲೇ ಇತ್ತು. ಆಗ ಅದಕ್ಕೆ ವಿಶ್ರಾಂತಿ ಎಂಬುದರ ಜೊತೆಗೆ ಹಾಸಿಗೆ ಎಂಬ ಅರ್ಥವೂ ಇತ್ತು. ಅದರ ದಾಯಾದಿ ಪದಗಳು ಇತರ ಜರ್ಮಾನಿಕ್ ಭಾಷೆಗಳಲ್ಲಿವೆ. ಅಲ್ಲಿ 'ರಾಸ್ಟಾ' ಎಂದರೆ ದೂರದ ಅಳತೆ, ನಮ್ಮ ಹರದಾರಿಯ ಹಾಗೆ. ಎಷ್ಟು ದೂರ ನಡೆದರೆ ಒಮ್ಮೆ ಕೂರಬೇಕಾಗುತ್ತದೋ ಅಷ್ಟು ದೂರಕ್ಕೆ ಆ ಹೆಸರು. ನಮ್ಮ ಹಳ್ಳಿಗಳ ಹಳೆಯ ದಾರಿಗಳಲ್ಲಿ ತಲೆಹೊರೆ ಇಳಿಸಲಿಕ್ಕೆಂದು ಎದೆಮಟ್ಟಕ್ಕೆ ನಿಲ್ಲಿಸಿರುತ್ತಿದ್ದ ಕಲ್ಲುಗಳು ನೆನಪಿಗೆ ಬಂದವು. ಅಲ್ಲಿ ಯಾರೂ ಯಾರನ್ನೂ ಕಾರಣ ಕೇಳುತ್ತಿರಲಿಲ್ಲ. ದಣಿವಾದ ಕಡೆ ಹೊರೆ ಇಳಿಸುವುದು, ಏರಿಸಿಕೊಂಡು ಮುಂದೆ ಹೋಗುವುದು.

ಆ ಕಾಲದ ಇಂಗ್ಲಿಷಿನಲ್ಲಿ ನೆಮ್ಮದಿಗೆ, ಜಗಳವಿಲ್ಲದ ಬಾಳಿಗೆ 'ಫ್ರಿತ್' ಎಂಬ ಪದವಿತ್ತು. ಕಾಯ್ದುಕೊಳ್ಳುವುದು, ಆಸರೆ ಎಂಬ ಅರ್ಥವೂ ಅದರೊಳಗಿತ್ತು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಳುವವರ ಭಾಷೆ ಫ್ರೆಂಚ್ ಆಯಿತು. ಉಳುವವರ ಭಾಷೆ ಇಂಗ್ಲಿಷಾಗಿಯೇ ಉಳಿಯಿತು. ಮುಂದಿನ ಮುನ್ನೂರು ವರ್ಷಗಳಲ್ಲಿ ಕೋರ್ಟು, ಖಜಾನೆ, ಅರಮನೆಯ ಪದಗಳು ಮೇಲಿನಿಂದ ಕೆಳಗಿಳಿದವು. ಪರ್ಷಿಯನ್ ನಮ್ಮ ಕಡೆ ಕಚೇರಿಯ ಭಾಷೆಯಾಗಿದ್ದಾಗ ಜಮೀನು, ವಸೂಲಿ, ರುಜು, ಅರ್ಜಿ ಎಲ್ಲ ಬಂದು ಕೂತವಲ್ಲ, ಹಾಗೆ.

'ಪೀಸ್' ಬಂದದ್ದು ಹೀಗೆಯೇ. ಅದರ ಲ್ಯಾಟಿನ್ ಮೂಲ 'ಪಾಕ್ಸ್'. ಕರಾರು ಮಾಡಿಕೊಳ್ಳುವುದು ಎಂಬರ್ಥದ ಧಾತುವಿಗೆ ಅದರ ನಂಟು. 'ಪ್ಯಾಕ್ಟ್' ಅದರ ಒಡಹುಟ್ಟು. ಎಂದರೆ ಇದು ಮನಸ್ಸಿನೊಳಗಿನ ಶಾಂತಿಯಲ್ಲ, ಇಬ್ಬರ ನಡುವಿನ ಒಪ್ಪಂದ. ಇಂಗ್ಲಿಷ್ ಬರಹದಲ್ಲಿ ಈ ಪದ ಕಾಣುವ ಮೊದಮೊದಲ ತಾಣಗಳಲ್ಲಿ ಒಂದು ಪೀಟರ್‌ಬರೋ ಮಠದ ಸನ್ಯಾಸಿಗಳು 1154ರ ಸುಮಾರಿಗೆ ಬರೆದಿಟ್ಟ ವೃತ್ತಾಂತ. ಆಗ ಹತ್ತೊಂಬತ್ತು ವರ್ಷಗಳ ಅಂತಃಕಲಹ ಮುಗಿದಿತ್ತು. ಊರುಗಳು ಸುಟ್ಟಿದ್ದವು, ಹೊಲಗಳು ಪಾಳು ಬಿದ್ದಿದ್ದವು. ಅದಕ್ಕೂ ಮೊದಲಿನ ರಾಜ ಒಂದನೆಯ ಹೆನ್ರಿಯನ್ನು ನೆನೆಯುತ್ತಾ, ಜನಕ್ಕೂ ಮೃಗಕ್ಕೂ ಪೀಸ್ ಕೊಟ್ಟವನು ಅವನು ಎಂದು ಬರೆದರು. ಪದ ಬರಹಕ್ಕೆ ಬರುವ ಹೊತ್ತಿಗೆ ವಸ್ತು ಕಳೆದುಹೋಗಿತ್ತು.

ಇದೇ 'ಪಾಕ್ಸ್' ಕುಟುಂಬದ ಇನ್ನೊಂದು ಕೂಸನ್ನು ನಾವೆಲ್ಲ ತಿಂಗಳ ಕೊನೆಗೆ ಎದುರು ನೋಡುತ್ತೇವೆ: 'ಪೇ'. ಲ್ಯಾಟಿನ್ನಿನ 'ಪಾಕಾರೆ' ಎಂದರೆ ಸಮಾಧಾನ ಮಾಡು. ಯಾರನ್ನು? ಕೊನೆಕೊನೆಗೆ, ಸಾಲ ಕೊಟ್ಟವನನ್ನು. ಬಾಗಿಲಿಗೆ ಬಂದು ನಿಂತ ಸಾಹುಕಾರನನ್ನು ತಣ್ಣಗೆ ಮಾಡುವುದೇ 'ಪೇ'. ಹದಿನೆಂಟನೆಯ ಮಹಡಿಯ ಫ್ಲ್ಯಾಟಿಗೆ ಇಪ್ಪತ್ತು ವರ್ಷದ ಕಂತು ಕಟ್ಟುತ್ತಿರುವ ನನ್ನಂಥವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐದನೆಯ ತಾರೀಖು ಬ್ಯಾಂಕಿನಿಂದ ಸಂದೇಶ ಬಂದ ಮೇಲೆ ಒಂದು ಬಗೆಯ ಶಾಂತಿ ಇರುತ್ತದೆ.

'ಕ್ವೈಯೆಟ್' ಕಥೆ ಇನ್ನೂ ಸೊಗಸು. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನ ಖಜಾನೆಗೆ 'ಎಕ್ಸ್‌ಚೆಕರ್' ಎಂದು ಹೆಸರು. ಚದುರಂಗದ ಹಾಸಿನಂತೆ ಚೌಕುಳಿ ಬಟ್ಟೆ ಹೊದಿಸಿದ ದೊಡ್ಡ ಮೇಜು. ಅದರ ಮೇಲೆ ಬಿಲ್ಲೆಗಳನ್ನು ಸರಿಸುತ್ತಾ ಲೆಕ್ಕ ಮಾಡುತ್ತಿದ್ದರು. ಪ್ರತಿ ಜಿಲ್ಲೆಯ ಶೆರಿಫ್ ವರ್ಷಕ್ಕೆ ಎರಡು ಸಲ, ಈಸ್ಟರ್ ಮತ್ತು ಮೈಕೆಲ್‌ಮಾಸ್ ಹೊತ್ತಿಗೆ, ಅಲ್ಲಿಗೆ ಬಂದು ರಾಜನಿಗೆ ಸಲ್ಲಬೇಕಾದದ್ದನ್ನು ಒಪ್ಪಿಸಬೇಕು. ಅದನ್ನೆಲ್ಲ ಕುರಿಯ ಚರ್ಮದ ಹಾಳೆಗಳ ಮೇಲೆ ಬರೆದು ಸುರುಳಿ ಸುತ್ತಿಡುತ್ತಿದ್ದರು. ಅವೇ 'ಪೈಪ್ ರೋಲ್'ಗಳು. ಇಂದಿಗೂ ಉಳಿದಿರುವ ಅತಿ ಹಳೆಯದು 1130ರದ್ದು. ಬಾಕಿಯೆಲ್ಲ ತೀರಿದರೆ ಆ ಲೆಕ್ಕದ ಕೊನೆಗೆ ಗುಮಾಸ್ತ ಲ್ಯಾಟಿನ್ನಿನಲ್ಲಿ 'ಕ್ವಿಯೇತುಸ್ ಎಸ್ತ್' ಎಂದು ಬರೆಯುತ್ತಿದ್ದ. ಅವನೀಗ ಋಣಮುಕ್ತ ಎಂದು ಅರ್ಥ. ಪದಶಃ ನೋಡಿದರೆ, ಅವನೀಗ ಕ್ವೈಯೆಟ್. 'ಕ್ವಿಟ್', 'ಅಕ್ವಿಟ್' ಎರಡೂ ಇದೇ ಬೇರಿನವು. ಸುಮಾರು 1600ರಲ್ಲಿ ಷೇಕ್ಸ್‌ಪಿಯರ್ ತನ್ನ ಹ್ಯಾಮ್ಲೆಟ್‌ನ ಬಾಯಲ್ಲಿ ಸಾವನ್ನು 'ಕ್ವೈಯೀಟಸ್' ಅನ್ನಿಸಿದಾಗ ಆಗಿನ ಪ್ರೇಕ್ಷಕರಿಗೆ ಅದರಲ್ಲಿ ಲೆಕ್ಕ ಚುಕ್ತಾ ಆಗುವ ಸದ್ದು ಕೇಳಿಸಿರಬೇಕು. ಪ್ರಾಜೆಕ್ಟ್ ಮುಗಿದ ಮೇಲೆ ಗ್ರಾಹಕರ ಕೊನೆಯ ಸಹಿಗೆ ಕಾಯುವ ನಮ್ಮಂಥವರಿಗೂ ಈ ಸದ್ದು ಗೊತ್ತು. ಆ ಸಹಿ ಬಂದ ರಾತ್ರಿಯ ನಿದ್ದೆಯೇ ಬೇರೆ.

ಎಲ್ಲ ಪದಗಳೂ ಖಜಾನೆಯಿಂದ ಬಂದವಲ್ಲ. ಮಠದಿಂದ ಬಂದವು ಒಂದಷ್ಟಿವೆ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ನಿಯಮ ಬರೆದಾಗ, ಬೇಸಿಗೆಯಲ್ಲಿ ಆರನೆಯ ಗಳಿಗೆಯ ಪ್ರಾರ್ಥನೆ, ಊಟ ಮುಗಿದ ಮೇಲೆ ಎಲ್ಲರೂ ಮಾತಿಲ್ಲದೆ ಹಾಸಿಗೆಯ ಮೇಲೆ ಮಲಗಿ ದಣಿವಾರಿಸಿಕೊಳ್ಳಲಿ ಎಂದು ಸೇರಿಸಿದ. ಸೂರ್ಯೋದಯದಿಂದ ಎಣಿಸಿದರೆ ಆರನೆಯ ಗಳಿಗೆ ಎಂದರೆ ನಡುಮಧ್ಯಾಹ್ನ. ಲ್ಯಾಟಿನ್ನಿನ ಆ 'ಸೆಕ್ಸ್ತಾ' ಸ್ಪೇನಿನಲ್ಲಿ 'ಸಿಯೆಸ್ಟಾ' ಆಗಿ, ಅಲ್ಲಿಂದ ಇಂಗ್ಲಿಷಿಗೂ ಬಂತು. ಒಂಬತ್ತನೆಯ ಗಳಿಗೆ, ಅಂದರೆ ಸುಮಾರು ಮೂರು ಗಂಟೆಯ 'ನೋನಾ', ಮಧ್ಯಯುಗದಲ್ಲಿ ಮೆಲ್ಲಮೆಲ್ಲನೆ ಹಿಂದಕ್ಕೆ ಸರಿದು ಹನ್ನೆರಡು ಗಂಟೆಯ 'ನೂನ್' ಆಯಿತು. ಮೂರು ಗಂಟೆಯ ತನಕ ಊಟಕ್ಕೆ ಕಾಯಬೇಕಿದ್ದ ಉಪವಾಸದ ದಿನಗಳಲ್ಲಿ ಗಂಟೆ ಬೇಗ ಹೊಡೆಯಲಿ ಎಂದು ಹಸಿದ ಸನ್ಯಾಸಿಗಳು ಆಸೆಪಟ್ಟದ್ದೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಗಡುವನ್ನು ಹಿಂದಕ್ಕೆ ಎಳೆದುಕೊಂಡ ತಂಡವನ್ನು ನನ್ನ ಕಸುಬಿನಲ್ಲಿ ನಾನಿನ್ನೂ ಕಂಡಿಲ್ಲ.

ಹದಿಮೂರನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿನಲ್ಲಿ 'ಆಂಕ್ರೆನೆ ವಿಸ್ಸೆ' ಎಂಬ ಕೈಪಿಡಿ ಹುಟ್ಟಿತು. ಚರ್ಚಿನ ಗೋಡೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಜೀವನವಿಡೀ ಒಂಟಿಯಾಗಿ ಇರಲು ನಿರ್ಧರಿಸಿದ ಹೆಂಗಸರಿಗೆ ಬರೆದದ್ದು. ಮೌನ ಎಷ್ಟಿರಬೇಕು, ಯಾವಾಗ ಮಾತಾಡಬಹುದು, ಏನು ಓದಬೇಕು ಎಲ್ಲ ಅದರಲ್ಲಿದೆ. ಪ್ರಾಣಿಗಳಲ್ಲಿ ಬೆಕ್ಕೊಂದನ್ನು ಮಾತ್ರ ಸಾಕಿಕೊಳ್ಳಬಹುದು ಎಂಬ ಅನುಮತಿಯೂ ಇದೆ. ಧ್ಯಾನ, ಮೌನಗಳ ಲ್ಯಾಟಿನ್, ಫ್ರೆಂಚ್ ಪದಗಳು ಸಾಮಾನ್ಯರ ಇಂಗ್ಲಿಷಿಗೆ ಇಳಿದದ್ದು ಇಂಥ ಬರಹಗಳ ದಾರಿಯಲ್ಲಿ. ಅವುಗಳಲ್ಲಿ 'ಕಂಟೆಂಪ್ಲೇಶನ್' ಒಂದು. ಅದರೊಳಗೆ 'ಟೆಂಪ್ಲಮ್' ಇದೆ. ರೋಮಿನ ಶಕುನಗಾರರು ಹಕ್ಕಿಗಳ ಹಾರಾಟ ನೋಡಲು ಗುರುತುಹಾಕಿಕೊಳ್ಳುತ್ತಿದ್ದ ಬಯಲಿಗೆ ಆ ಹೆಸರು. ಗೆರೆ ಎಳೆದುಕೊಂಡು, ಅದರೊಳಗೆ ಕೂತು, ಬರುವುದನ್ನು ಕಾಯುವುದು.

'ಕಾಮ್' ಬಂದದ್ದು ಸಮುದ್ರದಿಂದ. ಅದರ ಬೇರು ಗ್ರೀಕಿನ 'ಕೌಮಾ'. ಅರ್ಥ ಕೇಳಿದರೆ ನಗು ಬರುತ್ತದೆ: ಸುಡುವ ಬಿಸಿಲು. ಮೆಡಿಟರೇನಿಯನ್ ತೀರದಲ್ಲಿ ಮಧ್ಯಾಹ್ನದ ಬಿಸಿಗೆ ಗಾಳಿ ನಿಲ್ಲುತ್ತದೆ, ಎತ್ತು ನೆರಳಿಗೆ ಹೋಗುತ್ತದೆ, ಮನುಷ್ಯ ಅಡ್ಡಾಗುತ್ತಾನೆ. ಬಿಸಿಲಿನ ಹೆಸರು ಬಿಸಿಲು ತಂದ ನಿಶ್ಚಲತೆಗೆ ಬಂತು. ಕಲಬುರಗಿ, ರಾಯಚೂರಿನ ಮೇ ತಿಂಗಳ ಎರಡು ಗಂಟೆಯ ಬೀದಿ ನೋಡಿದವರಿಗೆ ಈ ವ್ಯುತ್ಪತ್ತಿಗೆ ಬೇರೆ ಸಾಕ್ಷಿ ಬೇಡ. ಇಂಗ್ಲಿಷಿಗೆ ಇದು ಹದಿನಾಲ್ಕನೆಯ ಶತಮಾನದ ಕೊನೆಗೆ, ಗಾಳಿಯಿಲ್ಲದ ಕಡಲಿನ ಹೆಸರಾಗಿ ಬಂತು. ಮನುಷ್ಯನ ಮನಸ್ಸಿಗೆ ಅಂಟಿದ್ದು ಆಮೇಲೆ. 1806ರ ಆರಂಭದಲ್ಲಿ ನೌಕಾಧಿಕಾರಿ ಫ್ರಾನ್ಸಿಸ್ ಬೋಫೋರ್ಟ್ ತನ್ನ ದಿನಚರಿಯಲ್ಲಿ ಗಾಳಿಯ ಬಲಕ್ಕೆ ಅಂಕಗಳ ಪಟ್ಟಿ ಬರೆದುಕೊಂಡಾಗ ಸೊನ್ನೆಯ ಮುಂದೆ ಬರೆದದ್ದು 'ಕಾಮ್'. ಹಾಯಿ ಹಡಗಿನವರಿಗೆ ಆ ಸೊನ್ನೆ ಹಿತವಾದದ್ದಲ್ಲ. ಹಡಗು ಅಲುಗದೆ ನಿಂತರೆ ಮೊದಲು ಮುಗಿಯುವುದು ಕುಡಿಯುವ ನೀರು. 1798ರಲ್ಲಿ ಪ್ರಕಟವಾದ ಕೋಲ್‌ರಿಜ್‌ನ ಮುದಿ ನಾವಿಕನ ಕವಿತೆಯಲ್ಲಿ ಹಡಗಿನವರು ಸಾಯುವುದು ಬಿರುಗಾಳಿಗೆ ಸಿಕ್ಕಿ ಅಲ್ಲ, ಇಂಥ ನಿಶ್ಚಲ ಕಡಲಿನಲ್ಲಿ.

ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಹೋಗುತ್ತಿರುವುದು ಎರಡು ಪದಗಳ ಕಡೆಗೆ. ಅವೇ ನನ್ನನ್ನು ಕುಟುಕಿದ್ದು.

ಮೊದಲನೆಯದು 'ಲೀವ್', ಆಫೀಸಿನ ಲೀವ್. ಹೊರಡು, ಬಿಟ್ಟುಹೋಗು ಎಂಬ ಕ್ರಿಯಾಪದದಿಂದ ಬಂದದ್ದು ಎಂದೇ ನಾನು ತಿಳಿದಿದ್ದೆ. ಅಲ್ಲ, ಉಚ್ಚಾರ ಒಂದಾದರೂ ಅದು ಬೇರೆ ಪದ. ಹಳೆಯ ಇಂಗ್ಲಿಷಿನ 'ಲೇಆಫ್', ಅರ್ಥ: ಅನುಮತಿ. 'ಟೇಕ್ ಲೀವ್' ಎಂದರೆ ಹೊರಡಲು ಒಡೆಯನ ಅಪ್ಪಣೆ ಪಡೆಯುವುದು. ಕಾಕತಾಳೀಯವೋ ಏನೋ, ಫ್ರೆಂಚಿನಿಂದ ಬಂದ 'ಲೀಶರ್' ಕೂಡ ಅದೇ. ಅದರ ಲ್ಯಾಟಿನ್ ಮೂಲ 'ಲಿಕೇರೆ', ಎಂದರೆ ಅನುಮತಿ ಇರುವುದು. 'ಲೈಸೆನ್ಸ್' ಅದರ ತಂಗಿ. ಉಳುವವನ ಭಾಷೆಯಲ್ಲೂ ಆಳುವವನ ಭಾಷೆಯಲ್ಲೂ ಬಿಡುವು ಎಂದರೆ ಇನ್ನೊಬ್ಬ ಹೂಂ ಅನ್ನಬೇಕಾದ ವಿಷಯ.

ಇಂಗ್ಲಿಷಿನವರನ್ನು ಆಡಿಕೊಳ್ಳಲು ಹೊರಟಿದ್ದೆ. ಅಷ್ಟರಲ್ಲಿ ನಮ್ಮ 'ರಜೆ' ನೆನಪಾಯಿತು. ಅರಬಿ ಮೂಲದ 'ರಜಾ', ಪರ್ಷಿಯನ್, ಉರ್ದುಗಳ ಮೂಲಕ ಕನ್ನಡಕ್ಕೂ ಮರಾಠಿಗೂ ಬಂದದ್ದು. ಅರ್ಥ: ಸಮ್ಮತಿ, ಅನುಮತಿ. ಆ ಸೋಮವಾರ ಹುಡುಗ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದು ನಿಘಂಟಿನ ಪ್ರಕಾರವೂ ಅಪ್ಪಣೆಯನ್ನೇ.

ಎರಡನೆಯದು 'ರಿಲೀಸ್'. ನಾನು ಯಾವುದರ ಹೆಸರಿನಲ್ಲಿ ಅವನನ್ನು ತಡೆದೆನೋ ಅದೇ. ಲ್ಯಾಟಿನ್ನಿನಲ್ಲಿ 'ರೆಲಾಕ್ಸಾರೆ' ಎಂದರೆ ಬಿಗಿದದ್ದನ್ನು ಸಡಿಲಿಸು. ಇದು ಫ್ರೆಂಚರ ಬಾಯಲ್ಲಿ ಸವೆದು 1300ರ ಸುಮಾರಿಗೆ 'ರಿಲೀಸ್' ಆಗಿ ಇಂಗ್ಲಿಷಿಗೆ ಬಂತು. ಅದೇ ಶತಮಾನದ ಕೊನೆಗೆ ಪಂಡಿತರು ಅದೇ ಪದವನ್ನು ನೇರ ಲ್ಯಾಟಿನ್ನಿನಿಂದ ಮತ್ತೊಮ್ಮೆ ತಂದುಕೊಂಡರು: 'ರಿಲ್ಯಾಕ್ಸ್'. ಒಂದೇ ತಾಯಿಯ ಎರಡು ಮಕ್ಕಳು. ಕನ್ನಡದಲ್ಲಿ ಬಿಡು ಎಂಬುದರಿಂದ 'ಬಿಡುವು', 'ಬಿಡುಗಡೆ' ಎರಡೂ ಬಂದ ಹಾಗೆ. ಇಪ್ಪತ್ತು ವರ್ಷದಿಂದ ಶುಕ್ರವಾರ ರಾತ್ರಿಗಳನ್ನು ರಿಲೀಸಿನಲ್ಲಿ ಕಳೆದಿದ್ದೇನೆ. ಪಿಜ್ಜಾ ಡಬ್ಬಿಗಳು, ತಣ್ಣಗಾದ ಚಹಾ, ಮೂರು ಗಂಟೆಗೆ ಹಿಂದೆ ಸರಿಸಬೇಕಾ ಬೇಡವಾ ಎಂಬ ಚರ್ಚೆ. ಅದು ಬಿಡುವಿನ ಒಡಹುಟ್ಟಿದ ಪದ ಎಂದು ಅಷ್ಟು ರಾತ್ರಿಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಅಪ್ಪಣೆ ಯಾರ ಕೈಯಲ್ಲಿರಬೇಕು ಎಂಬುದು ಬರೀ ವ್ಯುತ್ಪತ್ತಿಯ ಪ್ರಶ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕಾಗಿ ದೊಡ್ಡ ಎಳೆದಾಟ ನಡೆಯಿತು. ಕಾರ್ಖಾನೆಗಳಿಗೆ ಮುಂಚಿನ ಕುಶಲಕರ್ಮಿಗಳು, ನೇಕಾರರು ಭಾನುವಾರದ ಕುಡಿತ, ಕುಣಿತ ಮುಗಿದಿಲ್ಲವೆಂದು ಸೋಮವಾರವೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ಆ ದಿನಕ್ಕೆ ಗೇಲಿಯಿಂದ 'ಸಂತ ಸೋಮವಾರ' ಎಂದು ಹೆಸರಿಟ್ಟಿದ್ದರು. ಯಾರ ಅಪ್ಪಣೆಯೂ ಇಲ್ಲದ ರಜೆ ಅದು. ಹಬೆಯ ಯಂತ್ರ ಬಂದ ಮೇಲೆ ಮಾಲೀಕರಿಗೆ ಇದು ಸಹಿಸಲಿಲ್ಲ. 1850ರ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳ ಹೆಂಗಸರಿಗೆ, ಹದಿಹರೆಯದವರಿಗೆ ಶನಿವಾರ ಎರಡು ಗಂಟೆಗೆ ಕೆಲಸ ನಿಲ್ಲಬೇಕು ಎಂದಿತು. ಸೋಮವಾರ ನಿಧಾನವಾಗಿ ಕೈತಪ್ಪಿತು, ಶನಿವಾರದ ಮಧ್ಯಾಹ್ನ ಸಿಕ್ಕಿತು. ಆ ಮಧ್ಯಾಹ್ನದಿಂದ 'ವೀಕೆಂಡ್' ಬೆಳೆಯಿತು. 1879ರಲ್ಲೂ ಆ ಪದವನ್ನು ಓದುಗರಿಗೆ ವಿವರಿಸಬೇಕಾಗಿತ್ತು. ಶನಿವಾರ ಕೆಲಸ ಮುಗಿಸಿ ಪರಸ್ಥಳದ ಗೆಳೆಯರ ಮನೆಯಲ್ಲಿ ಭಾನುವಾರದ ತನಕ ಇದ್ದು ಬರುವುದನ್ನು ಸ್ಟಾಫರ್ಡ್‌ಶೈರ್ ಕಡೆ ಹೀಗೆನ್ನುತ್ತಾರೆ ಎಂದು 'ನೋಟ್ಸ್ ಆಂಡ್ ಕ್ವೆರೀಸ್' ಪತ್ರಿಕೆಗೆ ಒಬ್ಬರು ಬರೆದಿದ್ದರು.

ನಮ್ಮ ಭಾನುವಾರವೂ ಹೀಗೆ ಕೇಳಿ ಪಡೆದದ್ದೇ. ಮುಂಬೈಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ಇರಲಿಲ್ಲ. ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ಅವರನ್ನು ಸಂಘಟಿಸಿ, 1884ರಿಂದ ಅದಕ್ಕಾಗಿ ಬೇಡಿಕೆ ಇಟ್ಟರು. ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದ್ದು 1890ರ ಜೂನ್ 10ರಂದು. ಮುಂಬೈ, ಪುಣೆಗಳಲ್ಲಿ ಭಾನುವಾರ ಹತ್ತು ಗಂಟೆಗೆ ಎದ್ದು ಉಪ್ಪಿಟ್ಟು ತಿನ್ನುವ ನಾವು ಒಮ್ಮೆಯಾದರೂ ಅವರನ್ನು ನೆನೆಯಬೇಕು. ನಾನಂತೂ ನಲವತ್ತು ದಾಟುವ ತನಕ ಅವರ ಹೆಸರು ಕೇಳಿರಲಿಲ್ಲ.

ನಮ್ಮ ಅವ್ವ ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ "ಪುರುಸೊತ್ತ ಐತೇನಪಾ?" ಎಂದೇ ಸುರು ಮಾಡುತ್ತಾಳೆ. ಅದೂ ಅರಬಿಯ 'ಫುರ್ಸತ್', ಸಿಕ್ಕ ಅವಕಾಶ. ನಾನು ಈ ಪದಗಳ ಪುರಾಣವನ್ನೆಲ್ಲ ಅವಳಿಗೆ ಒಂದು ದಿನ ಹೇಳಿದೆ. ಹುಡುಗನ ವಿಷಯವನ್ನೂ ಹೇಳಿದೆ. ಅವಳು ಪದಗಳ ಬಗ್ಗೆ ಏನೂ ಅನ್ನಲಿಲ್ಲ. "ಆ ಹುಡುಗಗ ತಪ್ಪಾತು ಅಂತ ಅಂದ್ಯೋ ಇಲ್ಲೋ?" ಎಂದಳು.

ಅಂದಿರಲಿಲ್ಲ. ಅವನು ದಿನಕರ್ಮ ಮುಗಿಸಿ ವಾಪಸು ಬಂದು ಆರು ವಾರವಾಗಿತ್ತು. ಎಂದಿನಂತೆ ಕೆಲಸ ಮಾಡುತ್ತಿದ್ದ. ಮರುದಿನ ಅವನನ್ನು ಕೆಳಗೆ ಚಹಾದಂಗಡಿಗೆ ಕರೆದುಕೊಂಡು ಹೋಗಿ ಹೇಳಿದೆ. ಅವನು ಗ್ಲಾಸು ನೋಡುತ್ತಾ, "ಠೀಕ್ ಆಹೆ ಸರ್" ಎಂದ. ಸರಿಹೋಗಿದೆ ಎಂದೋ, ಇನ್ನು ಹೇಳಿ ಏನು ಎಂದೋ, ನನಗೆ ತಿಳಿಯಲಿಲ್ಲ. ನನ್ನ ಲೆಕ್ಕದ ಕೊನೆಗೆ ಯಾರೂ 'ಕ್ವಿಯೇತುಸ್' ಎಂದು ಬರೆಯಲಿಲ್ಲ.

ಅರ್ಜಿಯ ನಮೂನೆ ಬದಲಿಸುವ ಅಧಿಕಾರ ನನಗಿಲ್ಲ. ಕಾರಣದ ಖಾನೆ ಖಾಲಿ ಬಿಟ್ಟರೆ ತಂತ್ರಾಂಶ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ತಂಡದವರಿಗೆ, ಅಲ್ಲಿ ಏನು ಬೇಕಾದರೂ ಬರೆಯಿರಿ, ನಾನು ಓದುವುದಿಲ್ಲ ಎಂದೆ. ಕಳೆದ ದೀಪಾವಳಿ ಕಳೆದು ಹದಿನೈದು ದಿನಕ್ಕೆ ಆ ಹುಡುಗನ ಅರ್ಜಿ ಬಂತು, ಎರಡು ದಿನಕ್ಕೆ. ಓದುವುದಿಲ್ಲ ಎಂದಿದ್ದರೂ ಕಣ್ಣು ಹೋಯಿತು. 'ಅಸಂಚ್' ಎಂದು ಬರೆದಿದ್ದ.

ಅದನ್ನು ಕನ್ನಡದಲ್ಲಿ ಹೇಳಬೇಕೆಂದರೆ 'ಸುಮ್ಮನೆ'. ಬಾಯಿ ಮುಚ್ಚಿ ಕೂತವನಿಗೂ, ಕಾರಣವಿಲ್ಲದೆ ಬಂದವನಿಗೂ ನಮ್ಮಲ್ಲಿ ಇದೊಂದೇ ಪದ. ಮೌನ ಮತ್ತು ನಿಷ್ಕಾರಣ ಎರಡನ್ನೂ ಒಟ್ಟಿಗೆ ಹೇಳುವ ಇಂಥ ಪದ ಇಂಗ್ಲಿಷಿನಲ್ಲಿ ನನಗೆ ಸಿಗಲಿಲ್ಲ. ಆ ದಿನ ಅವನು ನನ್ನ ಮೇಜಿನ ಹತ್ತಿರ ನಿಂತು ಕೇಳಿದ್ದೂ ಇದನ್ನೇ.

ಒಪ್ಪಿಗೆಯ ಗುಂಡಿ ಒತ್ತಿ, ಅವ್ವನಿಗೆ ಫೋನ್ ಮಾಡಿದೆ. ಯಾಕೋ ಇಷ್ಟೊತ್ತಿನ್ಯಾಗ ಎಂದಳು. ಸುಮ್ಮನೆ ಎಂದೆ.